ಜೀಪಿನ ಜೀರ್ಣೋದ್ಧಾರ



ಜೀರ್ಣೋದ್ಧಾರ ಎಂಬ ಮಾತನ್ನು ನಾವು ದೇವಾಲಯಗಳಿಗೆ, ಕೆರೆಕಟ್ಟೆಗಳಿಗೆ ಬಳಸುತ್ತೇವೆ. ಹಳೆಯ ಜೀಪಿಗೆ ಅದನ್ನು ಬಳಸಿದರೆ ಕೆಲವರಿಗೆ ನಗು ಬಂದೀತು. ಆದರೆ ಸಡಿಲವಾದುದನ್ನು ಬಿಗಿಮಾಡಿ, ಶಿಥಿಲವಾದುದನ್ನು ಬದಲಿಸಿ, ಗಟ್ಟಿಯಾಗಿರುವುದನ್ನು ಹಾಗೆಯೇ ಉಳಿಸಿಕೊಂಡು, ಒಂದು ವಸ್ತುವನ್ನು ಅದು ಹುಟ್ಟಿದ ಉದ್ದೇಶಕ್ಕೆ ಮರಳಿಸುವುದೇ ಜೀರ್ಣೋದ್ಧಾರವಾದರೆ, ಆ ಮಾತು ಜೀಪಿಗೂ ಸಲ್ಲಬೇಕು. ಕೈಯಲ್ಲಿ ಹೆಚ್ಚು ಹಣವಿಲ್ಲದ ಗೃಹಸ್ಥನೊಬ್ಬ ಈ ಕೆಲಸವನ್ನು ತನ್ನ ಮನೆಯಂಗಳದಲ್ಲಿಯೇ ಹೇಗೆ ಮಾಡಬಹುದು, ಎಲ್ಲಿ ಕೈ ಬಿಗಿಹಿಡಿಯಬಹುದು, ಎಲ್ಲಿ ಬಿಗಿಹಿಡಿಯಲೇ ಬಾರದು ಎಂಬುದಷ್ಟೇ ಈ ಹೊತ್ತಿನ ನನ್ನ ವಿಷಯ.

ಜೀಪಿನ ಹುಟ್ಟು ಯುದ್ಧದಲ್ಲಿ. 1940ರಲ್ಲಿ ಅಮೆರಿಕದ ಸೈನ್ಯ ತನಗೆ ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಮುಟ್ಟುವ ವಾಹನ ಬೇಕೆಂದು ಮೋಟಾರು ತಯಾರಕರನ್ನು ಕೇಳಿತು. ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಮೊದಲ ಮಾದರಿಯನ್ನು ಕಟ್ಟಿತು. ಆದರೆ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪನ್ನು ಜೋಡಿಸತೊಡಗಿತು. 1953ರಲ್ಲಿ ಅಮೆರಿಕದಲ್ಲಿ ಬಂದ ಸಿ.ಜೆ. 3ಬಿ ಎಂಬ ಮಾದರಿಯೇ ನಮ್ಮ ದೇಶದಲ್ಲಿ ಮನೆಮಾತಾಯಿತು. ಹೊಸ ಎಂಜಿನ್ ಹಳೆಯದಕ್ಕಿಂತ ಎತ್ತರವಾಗಿದ್ದುದರಿಂದ ಅದರ ಬಾನೆಟ್ಟನ್ನು ಎತ್ತರಿಸಬೇಕಾಯಿತು. ಆ ಎತ್ತರದ ಹಣೆಯಿಂದಲೇ ಅದನ್ನು ದೂರದಿಂದ ಗುರುತಿಸಬಹುದು. ಅಮೆರಿಕದಲ್ಲಿ 1968ಕ್ಕೆ ಅದರ ತಯಾರಿಕೆ ನಿಂತಿತು. ನಮ್ಮಲ್ಲಿ ಅದರ ವಂಶ ಇನ್ನೂ ಹಲವು ದಶಕ ಬೆಳೆಯಿತು. ಮಲೆನಾಡು, ಕೊಡಗುಗಳ ಕಾಫಿ ತೋಟಗಳಲ್ಲಿ, ಅಡಿಕೆ ಬೆಳೆಗಾರರ ಅಂಗಳಗಳಲ್ಲಿ ಅದು ಮನೆಯ ಸದಸ್ಯನಂತೆ ಬಾಳಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ರಣರಂಗದಲ್ಲಿ ಕೆಟ್ಟು ನಿಂತರೆ, ಕೆಲವೇ ಹತ್ಯಾರುಗಳಿಂದ ಸಾಮಾನ್ಯ ಸಿಪಾಯಿಯೂ ಸರಿಪಡಿಸಬಲ್ಲಂತೆ ಜೀಪನ್ನು ಕಟ್ಟಿದ್ದರು. ಯುದ್ಧಕಾಲದ ವಿಲ್ಲಿಸ್ ಜೀಪಿನ ದೀಪಗಳನ್ನು ಹಿಮ್ಮುಖವಾಗಿ ತಿರುಗಿಸಿ ಆ ಬೆಳಕಿನಲ್ಲಿ ಎಂಜಿನ್ ರಿಪೇರಿ ಮಾಡಬಹುದಾಗಿತ್ತು. ಮೈಯೆಲ್ಲ ಚಪ್ಪಟೆ ತಗಡು. ಬಹುಪಾಲು ನಟ್ಟು ಬೋಲ್ಟುಗಳ ಜೋಡಣೆ. ಬಡವನ ಜೀರ್ಣೋದ್ಧಾರ ಸಾಧ್ಯವಾಗುವುದು ಈ ಕಾರಣದಿಂದಲೇ. ಇಂದಿನ ಕಾರಿನ ಬಾನೆಟ್ ಎತ್ತಿ ನಾವು ಮಾಡಬಹುದಾದದ್ದು ಅದನ್ನು ಮತ್ತೆ ಮುಚ್ಚುವುದಷ್ಟೇ.

ಹಳೆಯ ಜೀಪು ಕೊಳ್ಳುವವರು ಮೊದಲು ನೋಡಬೇಕಾದುದು ಅದರ ಕಾಗದಪತ್ರ. ಎಂಜಿನ್ನಿನ ಮೇಲಿನ ಸಂಖ್ಯೆ, ಚಾಸಿಯ ಮೇಲಿನ ಸಂಖ್ಯೆ, ಆರ್.ಸಿ. ಪುಸ್ತಕದಲ್ಲಿರುವ ಸಂಖ್ಯೆ, ಇವು ಒಂದಕ್ಕೊಂದು ಹೊಂದದಿದ್ದರೆ ಜೀಪು ಎಷ್ಟೇ ಚೆಲುವಾಗಿದ್ದರೂ ಕೈಮುಗಿದು ಹಿಂದಿರುಗಬೇಕು. ಆಮೇಲೆ ಒಂದು ಸಣ್ಣ ಸುತ್ತಿಗೆ ಹಿಡಿದು ಅದರ ಅಡಿಯಲ್ಲಿ ಮಲಗಬೇಕು. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವುದನ್ನು ನೀವು ಕಂಡಿದ್ದೀರಿ. ಚಾಸಿಯನ್ನೂ ಹಾಗೆಯೇ ಉದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿ ಕಬ್ಬಿಣ ದನಿಗೊಡುತ್ತದೆ. ತುಕ್ಕು ತಿಂದ ಕಡೆ ಸದ್ದು ಮಂದವಾಗುತ್ತದೆ. ಎಂಜಿನ್ನಿನ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಸಿಕ್ಕಾವು. ಟೊಳ್ಳಾದ ಚಾಸಿಗೆ ಮಾತ್ರ ಬಡವನಲ್ಲಿ ಮದ್ದಿಲ್ಲ.

ನಾನೊಬ್ಬ ನಿವೃತ್ತ ಶಾಲಾ ಶಿಕ್ಷಕ. ಮಲೆನಾಡಿನಲ್ಲಿ ನಮ್ಮ ಮನೆಗೂ ಡಾಂಬರು ರಸ್ತೆಗೂ ನಡುವೆ ಮೂರು ಕಿಲೋಮೀಟರು ಮಣ್ಣಿನ ದಾರಿ, ಒಂದು ಹಳ್ಳ. ಆಷಾಢದ ಮಳೆಯಲ್ಲಿ ಅಲ್ಲಿಗೆ ಬಾಡಿಗೆ ಕಾರಿನವರು ಬರಲೊಪ್ಪುವುದಿಲ್ಲ. ಮನೆಯಲ್ಲಿ ತೊಂಬತ್ತರ ಸಮೀಪದ ತಾಯಿ. ನಾಲ್ಕು ಚಕ್ರದ ಬಲವಿರುವ ಹೊಸ ವಾಹನ ಪಿಂಚಣಿಗೆ ಎಟುಕುವ ಮಾತಲ್ಲ. ಹೀಗಿರುವಾಗ ನೆರೆಯ ತೋಟದವರ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷದಿಂದ ನಿಂತಿದ್ದ ಪೆಟ್ರೋಲ್ ಜೀಪು, ಸಿ.ಜೆ. 3ಬಿ, ಗುಜರಿಯವನ ಪಾಲಾಗುವುದರಲ್ಲಿತ್ತು. ಗುಜರಿಯವನು ಹೇಳಿದ ಬೆಲೆಗೆ ಸ್ವಲ್ಪ ಸೇರಿಸಿಕೊಟ್ಟು ನಾನು ತಂದೆ. ಕಾಗದಗಳು ಸರಿಯಿದ್ದವು, ನೋಂದಣಿಯ ಅವಧಿ ಮಾತ್ರ ಮುಗಿದಿತ್ತು. ಸೀಟಿನಡಿಯಲ್ಲಿ ಕೋಳಿ ಕಾವು ಕೂತಿತ್ತು.

ನಮ್ಮ ಪೇಟೆಯಲ್ಲಿ ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರಿದ್ದಾರೆ. ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದ ಅವರು ಭಾನುವಾರಗಳಂದು ಬಂದು ಹಲಸಿನ ಮರದಡಿ ಕುರ್ಚಿಯಲ್ಲಿ ಕೂತು ಹೇಳುವರು, ನಾನು ಮಾಡುವೆನು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಪಾಠ ಹೇಳಿಸಿಕೊಳ್ಳುವ ಸುಖ ಮತ್ತೆ ಸಿಕ್ಕಿತು. ಮೊದಲ ದಿನವೇ ಅವರು ಹೇಳಿದರು: “ಮೇಷ್ಟ್ರೇ, ಓಡೋದು ಆಮೇಲಾಯ್ತು. ಮೊದಲು ಅದಕ್ಕೆ ನಿಲ್ಲೋದು ಕಲಿಸಿ.” ಇಡೀ ಕೆಲಸದ ಸೂತ್ರವೇ ಆ ಮಾತಿನಲ್ಲಿದೆ. ಮೊದಲು ನಿಲ್ಲುವುದು, ಆಮೇಲೆ ತಿರುಗುವುದು, ಆಮೇಲೆ ಓಡುವುದು, ಕಟ್ಟಕಡೆಗೆ ಹೊಳೆಯುವುದು. ಹಣವೂ ಈ ಕ್ರಮದಲ್ಲಿಯೇ ಖರ್ಚಾಗಬೇಕು. ಬಣ್ಣದಿಂದ ಆರಂಭಿಸಿದವರ ಜೀಪುಗಳು ಸಾಮಾನ್ಯವಾಗಿ ಹೊಳೆಯುತ್ತ ನಿಂತಲ್ಲೇ ನಿಂತಿರುತ್ತವೆ.

ನಿಲ್ಲುವ ವಿಚಾರ. ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ಮಾಸ್ಟರ್ ಸಿಲಿಂಡರು, ಅದರಿಂದ ಹೊರಡುವುದು ಒಂದೇ ದ್ರವದ ಸಂಪರ್ಕ. ಇಂದಿನ ಕಾರುಗಳಲ್ಲಿ ಎರಡು ಪ್ರತ್ಯೇಕ ದಾರಿಗಳಿದ್ದು ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಇಲ್ಲಿ ಒಂದು ರಬ್ಬರು ಕೊಳವೆ ಒಡೆದರೂ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಆ ಕೊಳವೆ ಹೊರಗೆ ನಯವಾಗಿ ಕಂಡರೂ ಒಳಗೆ ಉಬ್ಬಿ ದಾರಿ ಮುಚ್ಚಿಕೊಂಡಿರಬಹುದು. ಆಗ ಹಿಡಿದ ಬ್ರೇಕು ಬಿಡುವುದಿಲ್ಲ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ವರ್ಷಗಟ್ಟಲೆ ನಿಂತ ಜೀಪಿನಲ್ಲಿ ಆ ನೀರು ಸಿಲಿಂಡರನ್ನು ಒಳಗಿನಿಂದ ತುಕ್ಕು ಹಿಡಿಸಿರುತ್ತದೆ. ಆದುದರಿಂದ ಬ್ರೇಕಿನ ರಬ್ಬರೆಲ್ಲವನ್ನೂ, ಕೊಳವೆಗಳೆಲ್ಲವನ್ನೂ, ದ್ರವವನ್ನೂ ನೋಡದೆಯೇ ಬದಲಿಸಬೇಕು. ಇಲ್ಲಿ ಹಳೆಯ ಬಿಡಿಭಾಗ ಕೊಳ್ಳುವುದು ಉಳಿತಾಯವಲ್ಲ. ಇನ್ನೊಂದು ಎಚ್ಚರಿಕೆ: ಹಳೆಯ ಬ್ರೇಕು ಶೂಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರುವುದುಂಟು. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದದೆ, ನೀರು ಹಚ್ಚಿ ಒದ್ದೆ ಬಟ್ಟೆಯಿಂದ ಒರೆಸಬೇಕು.

ತಿರುಗುವ ವಿಚಾರ. ಜೀಪನ್ನು ನಿಲ್ಲಿಸಿ ಸ್ಟಿಯರಿಂಗನ್ನು ಮೆಲ್ಲಗೆ ಅತ್ತಿತ್ತ ಆಡಿಸಿ, ಒಬ್ಬರು ಮುಂದಿನ ಚಕ್ರ ನೋಡುತ್ತಿರಬೇಕು. ಕೈ ಒಂದು ಗೇಣು ತಿರುಗಿದರೂ ಚಕ್ರ ಅಲುಗದಿದ್ದರೆ ಸಲಾಕೆಗಳ ಕೀಲುಗಳು, ಗುಂಡುತುದಿಗಳು, ಚಕ್ರದ ಬುಡದ ಬೇರಿಂಗುಗಳು ಸವೆದಿವೆಯೆಂದು ಅರ್ಥ. ಒಂದೊಂದನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ನೋಡುವುದಕ್ಕೆ ಶ್ರಮವಲ್ಲದೆ ಬೇರೆ ಖರ್ಚಿಲ್ಲ. ಟೈರುಗಳಲ್ಲಿ ಪಟ್ಟೆ ಎಷ್ಟೇ ಆಳವಾಗಿರಲಿ, ಅದರ ಕೆನ್ನೆಯ ಮೇಲೆ ಅಚ್ಚೊತ್ತಿದ ನಾಲ್ಕಂಕಿಯನ್ನು ಓದಬೇಕು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ದಾಟಿದ ಟೈರು ಮಕ್ಕಳ ಉಯ್ಯಾಲೆಗೆ ಯೋಗ್ಯ. ಜಾಕಿನ ಮೇಲೆ ನಿಂತ ಜೀಪಿನಡಿ ತಲೆ ಹಾಕುವ ಮುನ್ನ ಚಾಸಿಗೆ ದಪ್ಪ ಮರದ ದಿಮ್ಮಿಗಳ ಆಸರೆ ಕೊಡಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಓಡುವ ವಿಚಾರ. ಬಹುಕಾಲ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಒಮ್ಮೆಲೇ ತಿರುಗಿಸಬಾರದು. ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ತೆಳು ಎಣ್ಣೆ ಹೊಯ್ದು ಎರಡು ಮೂರು ದಿನ ಬಿಡಬೇಕು. ಆಮೇಲೆ ಮುಂದಿನ ಹ್ಯಾಂಡಲಿನಿಂದ ನಿಧಾನವಾಗಿ ತಿರುಗಿಸಬೇಕು. ಹ್ಯಾಂಡಲು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಲಿ; ಎಂಜಿನ್ ಹಿಮ್ಮುಖವಾಗಿ ಒದೆದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿದೀತು. ಅದು ಸಲೀಸಾಗಿ ತಿರುಗಿತೆಂದರೆ ಒತ್ತಡ ಅಳೆಯುವ ಗೇಜನ್ನು ಪ್ಲಗ್ಗಿನ ಜಾಗದಲ್ಲಿಟ್ಟು ನೋಡಬೇಕು. ಒತ್ತಡ ಕಡಿಮೆಯಿದ್ದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗುಗಳು ಸವೆದಿವೆ; ಏರದಿದ್ದರೆ ದೋಷ ವಾಲ್ವುಗಳಲ್ಲಿರುವುದು ಹೆಚ್ಚು. ನಮ್ಮ ಜೀಪಿನಲ್ಲಿ ಎಣ್ಣೆ ಹಾಕಿದರೂ ಒತ್ತಡ ಏರಲಿಲ್ಲ. ವಾಲ್ವುಗಳನ್ನು ಅರೆದು ಕೂರಿಸಿದ್ದರಲ್ಲಿ ಕೆಲಸ ಮುಗಿಯಿತು. ಇಡೀ ಎಂಜಿನ್ ಬಿಚ್ಚುವ ಖರ್ಚು ಆ ಒಂದು ಚಮಚ ಎಣ್ಣೆಯಿಂದ ಉಳಿಯಿತು.

ಪೆಟ್ರೋಲ್ ಟ್ಯಾಂಕಿನ ವಿಷಯದಲ್ಲಿ ಒಂದು ಮಾತು. ಅದು ಇರುವುದು ಚಾಲಕನ ಸೀಟಿನ ಅಡಿಯಲ್ಲಿ. ತೂತು ಬಿದ್ದ ಟ್ಯಾಂಕಿಗೆ ಮನೆಯಲ್ಲಿ ಬೆಸುಗೆ ಹಾಕುವ ಸಾಹಸ ಯಾರಿಗೂ ಬೇಡ. ಒಳಗೆ ಉಳಿದ ಆವಿ ಬಾಂಬಿನಂತೆ ಸಿಡಿಯುತ್ತದೆ. ಅದು ತಿಳಿದವರ ಕೆಲಸ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುತ್ತದೆ. ಅರ್ಧ ಶತಮಾನದ ಹಿಂದಿನ ರಬ್ಬರು ಅದನ್ನು ತಾಳಲಾರದು. ಪೆಟ್ರೋಲಿನ ಕೊಳವೆಗಳನ್ನೂ ಕಾರ್ಬೊರೇಟರಿನ ರಬ್ಬರುಗಳನ್ನೂ ಎಥೆನಾಲ್ ತಾಳುವ ಜಾತಿಯವಕ್ಕೆ ಬದಲಿಸಬೇಕು.

ತಗಡಿನ ಕೆಲಸಕ್ಕೆ ಬಂದರೆ, ಜೀಪಿನ ನೆಲ ಮೊದಲು ಕರಗುತ್ತದೆ. ರಬ್ಬರು ಹಾಸಿನ ಕೆಳಗೆ ನೀರು ನಿಂತು ತುಕ್ಕು ತಿನ್ನುತ್ತದೆ. ಹೊಳೆಯುವ ಕಬ್ಬಿಣ ಕಾಣುವವರೆಗೆ ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯಬೇಕು. ತುಕ್ಕಿನ ಮೇಲೆ ಪುಟ್ಟಿ ಬಳಿಯುವುದು ಹುಣ್ಣಿನ ಮೇಲೆ ಪೌಡರು ಬಳಿದಂತೆ. ಮೈಯೆಲ್ಲ ಚಪ್ಪಟೆಯಾಗಿರುವುದರಿಂದ ಊರಿನ ಗೇಟು ಕಿಟಕಿ ಮಾಡುವವರೂ ಇದನ್ನು ಮಾಡಬಲ್ಲರು. ಬಣ್ಣವನ್ನು ನಾನೇ ಕುಂಚದಿಂದ ಬಳಿದೆ. ಹತ್ತಿರದಿಂದ ನೋಡಿದರೆ ಕುಂಚದ ಗೀರುಗಳು ಕಾಣುತ್ತವೆ. ಹತ್ತಿರದಿಂದ ನೋಡಬೇಡಿರೆಂದು ಬಂದವರಿಗೆ ಹೇಳುತ್ತೇನೆ.

ಲೆಕ್ಕದ ವಿಚಾರ. ನಿಮ್ಮ ಬಳಿ ನೂರು ರೂಪಾಯಿ ಇದೆಯೆಂದಿಟ್ಟುಕೊಳ್ಳಿ. ಮೂವತ್ತೈದನ್ನು ಬ್ರೇಕು, ಸ್ಟಿಯರಿಂಗ್, ಟೈರುಗಳಿಗೆ, ಇಪ್ಪತ್ತೈದನ್ನು ಎಂಜಿನ್ನು, ಗೇರುಗಳಿಗೆ, ಇಪ್ಪತ್ತನ್ನು ತಗಡಿಗೆ, ಐದನ್ನು ವಿದ್ಯುತ್ ತಂತಿಗಳಿಗೆ, ಐದನ್ನು ಬಣ್ಣಕ್ಕೆ ಇಡಿ. ಉಳಿದ ಹತ್ತನ್ನು ಮುಟ್ಟಬೇಡಿ. ಕಾಣದ ದೋಷವೊಂದು ಅದಕ್ಕಾಗಿ ಎಲ್ಲೋ ಕಾದು ಕೂತಿರುತ್ತದೆ. ಬಿಚ್ಚುವುದು, ತೊಳೆಯುವುದು, ಉಜ್ಜುವುದು ಇವೆಲ್ಲ ನಿಮ್ಮ ಕೈಯಿಂದಲೇ ಆದರೆ ಕೂಲಿಯ ಬಹುಭಾಗ ಉಳಿಯುತ್ತದೆ. ನಮಗೆ ಎರಡು ಬೇಸಗೆ ಹಿಡಿಯಿತು. ಹಣದ ಬದಲು ನಾವು ಕೊಟ್ಟದ್ದು ಕಾಲವನ್ನು.

ಕಾನೂನು ಇಲ್ಲಿ ಎರಡು ದಾರಿಗಳನ್ನು ತೋರಿಸುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆಂದೇ ವಿಂಟೇಜ್ ನೋಂದಣಿಯ ನಿಯಮಗಳನ್ನು ತಂದಿತು. ಅಂಥವಕ್ಕೆ ಸಂಖ್ಯಾಫಲಕದಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ ಎಂದು ಗೊತ್ತುಮಾಡಿದರು. ಗೌರವವೇನೋ ದೊಡ್ಡದು, ಆದರೆ ಆ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇನ್ನೊಂದು ದಾರಿ, ಸಾಮಾನ್ಯ ನೋಂದಣಿಯನ್ನೇ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುವುದು. ತಾಯಿಯ ಸಲುವಾಗಿ ನಾನು ಎರಡನೆಯದನ್ನು ಆರಿಸಿಕೊಂಡೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಬಾರದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಕಂಡಕಂಡ ಡೀಸೆಲ್ ಎಂಜಿನ್ ತಂದು ಕೂರಿಸುವ ಮುನ್ನ ಸಾರಿಗೆ ಕಚೇರಿಯ ಅನುಮತಿ ಕೇಳಬೇಕು.

ಕಳೆದ ಮಳೆಗಾಲದ ಒಂದು ರಾತ್ರಿ ತಾಯಿಗೆ ಉಸಿರು ಕಟ್ಟಿತು. ಹಳ್ಳದಲ್ಲಿ ಮೊಣಕಾಲುದ್ದ ನೀರು. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟಾಗ ಪೆಡಲು ಗಟ್ಟಿಯಾಗಿ ನಿಂತಿತು. ಕಡಿಮೆ ಗೇರಿನಲ್ಲಿ ನಾಲ್ಕು ಚಕ್ರಗಳೂ ಮೆಲ್ಲನೆ ಆಚೆ ದಡ ಹತ್ತಿದವು. ಬೆಳಗಾಗುವುದರೊಳಗೆ ಆಸ್ಪತ್ರೆ ಸೇರಿದೆವು. ನಾಲ್ಕು ದಿನಕ್ಕೆ ತಾಯಿ ಮನೆಗೆ ಮರಳಿದರು. ಆ ರಾತ್ರಿ ನಾನು ನೆನೆದದ್ದು ಜೀಪನ್ನಲ್ಲ, ನಿಲ್ಲುವುದನ್ನು ಮೊದಲು ಕಲಿಸಿದ ಮೇಸ್ತ್ರಿಯನ್ನು.

ಅವರ ವಿದ್ಯೆಯ ಬಗ್ಗೆ ನನಗೊಂದು ಕಳವಳವಿದೆ. ಸ್ಕ್ರೂ ಡ್ರೈವರಿನ ಮೊನೆಯನ್ನು ಎಂಜಿನ್ನಿಗೆ ಮುಟ್ಟಿಸಿ ಹಿಡಿಯನ್ನು ಕಿವಿಗಿಟ್ಟು, ಯಾವ ವಾಲ್ವು ಸಡಿಲವಾಗಿದೆಯೆಂದು ಅವರು ವೈದ್ಯರಂತೆ ಹೇಳುತ್ತಾರೆ. ಈಗ ಅವರ ಕಣ್ಣು ಮಂಜಾಗಿದೆ. ಮಗ ಪಟ್ಟಣದಲ್ಲಿ ಬೇರೆ ಉದ್ಯೋಗದಲ್ಲಿದ್ದಾನೆ. ಬಿಡಿಭಾಗಗಳು ಇನ್ನೂ ಎಷ್ಟೋ ವರ್ಷ ಸಿಕ್ಕಾವು. ಅವನ್ನು ಎಲ್ಲಿ, ಎಷ್ಟು ಬಿಗಿಯಾಗಿ, ಯಾವ ಸದ್ದು ಕೇಳಿ ಕೂರಿಸಬೇಕೆಂದು ಬಲ್ಲ ಕೈಗಳು ಅಷ್ಟು ಕಾಲ ಇರುವುದಿಲ್ಲ. ಅವರು ಹೇಳಿದ್ದನ್ನೆಲ್ಲ ನಾನು ಒಂದು ನೋಟುಪುಸ್ತಕದಲ್ಲಿ ಚಿತ್ರ ಸಮೇತ ಬರೆದಿಟ್ಟಿದ್ದೇನೆ. ನೆರೆಮನೆಯ ಐ.ಟಿ.ಐ. ಓದುವ ಹುಡುಗನೊಬ್ಬ ಈಗ ಭಾನುವಾರಗಳಂದು ಬರುತ್ತಾನೆ. ಕಿವಿಗೆ ಸ್ಕ್ರೂ ಡ್ರೈವರ್ ಇಟ್ಟು ಕೇಳುವುದನ್ನು ಅವನು ನನಗಿಂತ ಬೇಗ ಕಲಿತ.

ನಿಮ್ಮ ಕೊಟ್ಟಿಗೆಯಲ್ಲಿಯೂ ಇಂಥದೊಂದು ಜೀಪು ನಿಂತಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಒಮ್ಮೆ ಸುತ್ತಿಗೆಯಿಂದ ಚಾಸಿಯನ್ನು ತಟ್ಟಿ ನೋಡಿ. ಅದು ದನಿಗೊಟ್ಟರೆ, ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಹುಡುಕಿ ಕರೆತಂದು ಕುರ್ಚಿ ಹಾಕಿ ಕೂರಿಸಿ. ಪಕ್ಕದಲ್ಲಿ ಒಬ್ಬ ಹುಡುಗನೂ ಇರಲಿ.