ಸಂಕೇತವೂ ಸನ್ನೆಯೂ

ಚಿಮ್ಮಡದಂಥ ಊರಿನಲ್ಲಿ ಬೆಳೆದವನಿಗೆ 'ಸವಾಲು' ಎಂಬ ಮಾತಿನ ಅರ್ಥವನ್ನು ಯಾರೂ ಕಲಿಸಬೇಕಾಗಿಲ್ಲ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಸವಾಲು ನಡೆಯುವಾಗ ಒಬ್ಬನು ಕೂಗಿದ ದರವನ್ನು ಮೀರಿ ಇನ್ನೊಬ್ಬನು ಕೂಗುತ್ತಾನೆ. ಕೂಗಿದ್ದು ನೆರೆದವರೆಲ್ಲರ ಕಿವಿಗೂ ಬೀಳುತ್ತದೆ. ದನದ ಜಾತ್ರೆಗೆ ಹೋದರೆ ಇದಕ್ಕೆ ತೀರ ವಿರುದ್ಧವಾದ ಪದ್ಧತಿಯನ್ನು ಕಾಣಬಹುದು. ಅಲ್ಲಿ ದಲಾಲನೂ ಗಿರಾಕಿಯೂ ಕೈಗಳ ಮೇಲೆ ಒಂದು ವಸ್ತ್ರ ಹೊದಿಸಿಕೊಂಡು, ಅದರ ಕೆಳಗೆ ಬೆರಳು ಹಿಡಿದು ಬೆಲೆಯನ್ನು ತಿಳಿಸುತ್ತಾರೆ. ಎತ್ತು ಎಲ್ಲರ ಕಣ್ಣೆದುರಿಗಿದ್ದರೂ ಅದರ ಬೆಲೆ ಇಬ್ಬರಿಗೆ ಮಾತ್ರ ಗೊತ್ತು. ನಾನು ಈ ಹೊತ್ತು ಹೇಳಹೊರಟಿರುವ ಬ್ರಿಜ್ ಎಂಬ ಇಸ್ಪೀಟಿನ ಆಟ ಈ ಎರಡು ಪದ್ಧತಿಗಳ ನಡುವಣ ಗಡಿಯ ಮೇಲೆ ನಿಂತಿರುವ ಆಟ.

ಇಸ್ಪೀಟು ಎಂದೊಡನೆ ಮೂಗು ಮುರಿಯುವವರಿದ್ದಾರೆ. ಅವರ ಸಮಾಧಾನಕ್ಕಾಗಿ ಒಂದು ಮಾತು. 1967ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಪಿತ್ತಾಗ, ಅದರಲ್ಲಿರುವ ದೈವದ ಅಂಶ ಬ್ರಿಜ್‌ನಲ್ಲಿ ಎಲೆ ಹಂಚುವಾಗ ಇರುವಂಥದೇ ಎಂದು ಹೋಲಿಕೆ ಕೊಟ್ಟಿತು. ಅಂದರೆ ಬ್ರಿಜ್‌ನ ಕೌಶಲದ ವಿಷಯದಲ್ಲಿ ನ್ಯಾಯಮೂರ್ತಿಗಳಿಗೆ ಸಂದೇಹವೇ ಇರಲಿಲ್ಲ. 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಈ ಆಟಕ್ಕಾಗಿ ಭಾರತದ ಇಬ್ಬರು ಬಂಗಾಳಿ ಹಿರಿಯರು, ಪ್ರಣವ ವರ್ಧನ್ ಮತ್ತು ಶಿವನಾಥ ದೇ ಸರ್ಕಾರ್, ಚಿನ್ನದ ಪದಕ ಗಳಿಸಿದರು.

ಆಟದ ಸ್ವರೂಪ ಇಷ್ಟು. ನಾಲ್ವರು, ಎದುರುಬದುರು ಕುಳಿತ ಇಬ್ಬಿಬ್ಬರು ಜೊತೆಗಾರರು. ಒಬ್ಬೊಬ್ಬರಿಗೆ ಹದಿಮೂರು ಎಲೆ. ಆಡುವುದಕ್ಕೆ ಮೊದಲು ಸವಾಲು ನಡೆಯುತ್ತದೆ: ಯಾವ ಬಣ್ಣವನ್ನು ಹುಕುಂ ಮಾಡಿ ಎಷ್ಟು ಕೈ ಗೆಲ್ಲುತ್ತೇವೆ ಎಂದು ಕೂಗಬೇಕು. ಆರು ಕೈಗಳನ್ನು ಲೆಕ್ಕಕ್ಕೆ ಹಿಡಿಯದೆ ಮುಂದಿನದನ್ನು ಹೇಳುವುದು ರೂಢಿಯಾದ್ದರಿಂದ 'ನಾಲ್ಕು ಇಸ್ಪೀಟು' ಎಂದರೆ ಇಸ್ಪೀಟನ್ನು ಹುಕುಂ ಮಾಡಿ ಹತ್ತು ಕೈ ಗೆಲ್ಲುವ ಹೊಣೆ. ಬಣ್ಣಗಳಲ್ಲಿ ಕಿಲವರ ಎಲ್ಲಕ್ಕೂ ಕೆಳಗೆ, ಆಮೇಲೆ ಚೌಕಟ, ಬದಾಮ, ಇಸ್ಪೀಟು; ಇವೆಲ್ಲಕ್ಕೂ ಮೇಲೆ ಹುಕುಮೇ ಇಲ್ಲದ ಆಟ. (ಮೈಸೂರು ಕಡೆಯವರು ಬದಾಮಕ್ಕೆ ಆಟೀನು, ಕಿಲವರಕ್ಕೆ ಕಳಾವರು ಎನ್ನುತ್ತಾರೆ. ನಮಗೆ ಜಮಖಂಡಿ ಸಂಸ್ಥಾನದ ಕಾಲದಿಂದ ಮರಾಠಿಯ ಹೆಸರುಗಳೇ ಬಾಯಿಗೆ ಹತ್ತಿವೆ.)

ಏಳು ಮೆಟ್ಟಿಲು, ಐದು ಬಗೆ: ಒಟ್ಟು 35 ಕೂಗುಗಳು. ಪಾಸ್, ಡಬಲ್, ರಿಡಬಲ್ ಸೇರಿದರೆ 38. ಜೊತೆಗಾರನೊಡನೆ ಮಾತನಾಡಲು ಇರುವ ನಿಘಂಟು ಇಷ್ಟೇ. ಆದರೆ ಒಬ್ಬನ ಕೈಗೆ ಬರಬಹುದಾದ ಹದಿಮೂರು ಎಲೆಗಳ ಬಗೆಗಳೋ 63,501 ಕೋಟಿಗೂ ಹೆಚ್ಚು! ಇಷ್ಟು ದೊಡ್ಡ ಲೋಕವನ್ನು ಇಷ್ಟು ಬಡವಾದ ಭಾಷೆಯಲ್ಲಿ ವರ್ಣಿಸಬೇಕಾದಾಗ ಮನುಷ್ಯನು ಏನು ಮಾಡಿಯಾನು? ಕವಿಗಳು ಮಾಡಿದ್ದನ್ನೇ ಮಾಡಿದನು. ಮಾತಿನ ವಾಚ್ಯಾರ್ಥವನ್ನು ಬಿಟ್ಟು ಅದಕ್ಕೆ ಬೇರೊಂದು ಅರ್ಥವನ್ನು ಆರೋಪಿಸಿದನು. ಬ್ರಿಜ್‌ನಲ್ಲಿ 'ಕನ್ವೆನ್ಷನ್' ಎನ್ನುವುದು ಇದನ್ನೇ. ನಾನು ಸಂಕೇತ ಎನ್ನುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ಎಕ್ಕಾಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಎಂದು ಬೆಲೆ ಕಟ್ಟುವ ಪದ್ಧತಿಯುಂಟು. ಜೊತೆಗಾರನು ತನ್ನಲ್ಲಿ ಹದಿನಾರು ಹದಿನೆಂಟು ಬೆಲೆಯ ಸಮತೂಕದ ಕೈಯಿದೆಯೆಂದು ತಿಳಿಸಲು 'ಒಂದು, ಹುಕುಮಿಲ್ಲದೆ' ಎಂದು ಕೂಗಿದ್ದಾನೆನ್ನಿ. ನನ್ನಲ್ಲಿ ಹತ್ತು ಬೆಲೆಯುಂಟು, ನಾಲ್ಕು ಇಸ್ಪೀಟುಗಳುಂಟು. ಅವನಲ್ಲಿಯೂ ನಾಲ್ಕಿದ್ದರೆ ಆ ಬಣ್ಣವೇ ಹುಕುಂ ಆಗುವುದು ಲೇಸು; ಏಕೆಂದರೆ ಎರಡೂ ಕಡೆಯಿಂದ ಕತ್ತರಿಸಬಹುದು, ಉಳಿದ ಐದು ಎಲೆಗಳು ಎದುರಾಳಿಗಳಲ್ಲಿ ಮೂರು-ಎರಡಾಗಿ ಹಂಚಿಹೋಗುವ ಸಂಭವವೂ ನೂರಕ್ಕೆ 68ರಷ್ಟಿದೆ. ಅವನಲ್ಲಿ ಇಸ್ಪೀಟಿವೆಯೆಂದು ಅರಿಯುವುದೆಂತು? ನಾನು 'ಎರಡು ಕಿಲವರ' ಎನ್ನುತ್ತೇನೆ. ನನ್ನ ಕೈಯಲ್ಲಿ ಒಂದು ಕಿಲವರವೂ ಇಲ್ಲದಿರಬಹುದು. ಅದರ ಅರ್ಥ: 'ನಿನ್ನಲ್ಲಿ ನಾಲ್ಕು ಬದಾಮವಾಗಲಿ ಇಸ್ಪೀಟಾಗಲಿ ಉಂಟೆ?' ಸ್ಯಾಮ್ ಸ್ಟೇಮನ್ ಎಂಬ ಅಮೆರಿಕದವನು 1945ರಲ್ಲಿ ಇದನ್ನು ಬರೆದು ಪ್ರಕಟಿಸಿದ್ದರಿಂದ ಅವನ ಹೆಸರೇ ನಿಂತಿತು. ವಾಸ್ತವವಾಗಿ ಇದನ್ನು ಕಲ್ಪಿಸಿದವನು ಅವನ ಜೊತೆಗಾರ ಜಾರ್ಜ್ ರಾಪೀ. ಬರೆದವನಿಗೆ ಕೀರ್ತಿ ಸಲ್ಲುವುದು ಸಾಹಿತ್ಯದಲ್ಲಿ ಮಾತ್ರವಲ್ಲ!

ಇಂಡಿಯಾನಾಪೊಲಿಸ್‌ನ ವಿಮಾ ಉದ್ಯೋಗಿ ಈಸ್ಲಿ ಬ್ಲಾಕ್‌ವುಡ್ 1933ರಲ್ಲಿ ಕಲ್ಪಿಸಿದ ಸಂಕೇತವೂ ಇಂಥದೇ. 'ನಾಲ್ಕು, ಹುಕುಮಿಲ್ಲದೆ' ಎಂದರೆ ಎಕ್ಕಾಗಳೆಷ್ಟು ಎಂಬ ಪ್ರಶ್ನೆ. 'ಐದು ಚೌಕಟ' ಎಂದರೆ ಒಂದು, 'ಐದು ಬದಾಮ' ಎಂದರೆ ಎರಡು. ಈಗ ಇಂಥ ಸಂಕೇತಗಳು ನೂರಾರು ಹುಟ್ಟಿವೆ. ಅವನ್ನೆಲ್ಲ ಬಾಯಿಪಾಠ ಮಾಡಿದವನು ಆಟ ಬಲ್ಲವನೆಂದು ನನಗನ್ನಿಸುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಈ ಸಂಕೇತಗಳು ಗುಟ್ಟಲ್ಲ. ನನ್ನ ಜೊತೆಗಾರನ ಕೂಗಿಗೆ ಏನರ್ಥವೆಂದು ಎದುರಾಳಿ ಕೇಳಿದರೆ ನಾನು ಹೇಳಲೇಬೇಕು. ಗುಟ್ಟಾಗಿರಬಹುದಾದದ್ದು ಎಲೆ ಮಾತ್ರ, ಭಾಷೆಯಲ್ಲ. ಧ್ವನಿಯ ಏರಿಳಿತ, ಹುಬ್ಬಿನ ಚಲನೆ, ಬೆರಳಿನ ಭಂಗಿ ಇವು ಸನ್ನೆಗಳು. ಇವುಗಳಿಂದ ಜೊತೆಗಾರನಿಗೆ ಏನನ್ನಾದರೂ ತಿಳಿಸುವುದು ಜಾತ್ರೆಯ ವಸ್ತ್ರವನ್ನು ಸವಾಲಿನ ಕಟ್ಟೆಗೆ ತಂದಂತೆ. 1965ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಇಂಗ್ಲೆಂಡಿನ ರೀಸ್ ಮತ್ತು ಶಪೀರೊ ಎಂಬ ಪ್ರಖ್ಯಾತ ಜೋಡಿಯ ಮೇಲೆ ಎಲೆ ಹಿಡಿದ ಬೆರಳುಗಳಿಂದಲೇ ಬದಾಮದ ಲೆಕ್ಕ ಹೇಳಿಕೊಂಡರೆಂಬ ಆಪಾದನೆ ಬಂದಿತು. ವಿಶ್ವ ಸಂಸ್ಥೆ ತಪ್ಪಿತಸ್ಥರೆಂದಿತು. ಇಂಗ್ಲೆಂಡಿನಲ್ಲಿ ನಡೆದ ದೀರ್ಘ ವಿಚಾರಣೆ ಮರುವರ್ಷ ಆಪಾದನೆ ಸಿದ್ಧವಾಗಿಲ್ಲವೆಂದಿತು. 1975ರ ಬರ್ಮುಡಾ ಪಂದ್ಯದಲ್ಲಿ ಜೊತೆಗಾರರು ಒಬ್ಬರನ್ನೊಬ್ಬರು ಕಾಣದಂತೆ ಮೇಜಿನ ಮೇಲೆ ಅಡ್ಡಪರದೆ ನಿಲ್ಲಿಸಿದರೆ, ಇಟಲಿಯ ಒಂದು ಜೋಡಿಯ ಮೇಲೆ ಮೇಜಿನ ಕೆಳಗೆ ಕಾಲು ತಾಗಿಸಿದ ದೂರು ಬಂದಿತು. ದೊಡ್ಡ ಪಂದ್ಯಗಳಲ್ಲಿ ಈಗ ಬಾಯಿಂದ ಕೂಗುವುದೇ ಇಲ್ಲ, ಕೂಗು ಮುದ್ರಿಸಿದ ಚೀಟಿಯನ್ನು ಇಡುತ್ತಾರೆ. ಧ್ವನಿಯೊಂದನ್ನೇ ನಂಬಿ ನಿಮ್ಮೆದುರು ಕುಳಿತ ನನಗೆ ಇದು ಕೊಂಚ ಖೇದದ ಸಂಗತಿಯೇ.

ನಮ್ಮ ಕಡೆಯವರಿಗೆ ಸನ್ನೆಯ ಈ ಪ್ರಶ್ನೆ ಹೊಸದಲ್ಲ. ಮುಧೋಳದ ರನ್ನನು ಮಹಾಕಾವ್ಯಕ್ಕೆ ವಸ್ತುವಾಗಿ ಆರಿಸಿಕೊಂಡದ್ದು ಗದಾಯುದ್ಧವನ್ನು. ಆ ಯುದ್ಧದಲ್ಲಿ ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ನಿಯಮವಿತ್ತಷ್ಟೆ. ವ್ಯಾಸರ ಭಾರತದಲ್ಲಿ, ಕೃಷ್ಣನ ಮಾತು ಕೇಳಿದ ಅರ್ಜುನನು ಭೀಮನು ನೋಡುತ್ತಿರುವಂತೆ ತನ್ನ ಎಡದೊಡೆಯನ್ನು ತಟ್ಟಿಕೊಳ್ಳುತ್ತಾನೆ. ತೊಡೆ ಮುರಿಯುವೆನೆಂದು ಭೀಮನು ಹಿಂದೆ ತುಂಬಿದ ಸಭೆಯಲ್ಲಿ, ದುರ್ಯೋಧನನ ಕಿವಿಗೇ ಬೀಳುವಂತೆ ಪ್ರತಿಜ್ಞೆ ಮಾಡಿದ್ದನು. ಅದು ಬಹಿರಂಗದ ಕೂಗು. ತೊಡೆ ತಟ್ಟಿದ್ದು ಬಹಿರಂಗದ ಕೂಗಲ್ಲ. ಬಲರಾಮನ ಕೋಪ ಹೊಡೆತದ ಮೇಲಿತ್ತು. ಬ್ರಿಜ್ ಆಡುವವನಾಗಿದ್ದರೆ ಅವನು ತಟ್ಟಿದ ಕೈಯನ್ನೂ ಹಿಡಿದು ಕೇಳುತ್ತಿದ್ದನು.

ಆದರೆ ಬೇಕೆಂದು ಮಾಡಿದ ಸನ್ನೆಗಿಂತ ಕಠಿಣವಾದದ್ದು ಬೇಡವೆಂದರೂ ಆಗಿಬಿಡುವ ಸನ್ನೆ. ನನಗೆ ಈ ಆಟ ಕಲಿಸಿದವರು ನನ್ನ ಸೋದರಮಾವ. ಮುಂಬಯಿಯ ಗಿರಣಿಯೊಂದರ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದ್ದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಸಂಜೆಯ ಆಟ. ಒಂದು ಸಂಜೆ ನನಗೆ ಬಂದ ಎಲೆಗಳು ಇಂದಿಗೂ ನೆನಪಿವೆ. ಎಕ್ಕಾ ರಾಣಿಗಳೊಡನೆ ಆರು ಇಸ್ಪೀಟು, ಬದಾಮದ ಒಂದು ಚಿಲ್ಲರೆ ಎಲೆ, ರಾಜ ಗುಲಾಮರಿದ್ದ ಮೂರು ಚೌಕಟ, ಎಕ್ಕಾ ಹಿಡಿದ ಮೂರು ಕಿಲವರ. ನಾನು 'ಒಂದು ಇಸ್ಪೀಟು' ಎಂದೆ. ಎಡಗಡೆಯವರು ಒಮ್ಮೆಗೇ 'ನಾಲ್ಕು ಬದಾಮ' ಎಂದು ಹಾರಿದರು. ಮಾವನವರು ಯೋಚಿಸಿದರು. ಎಲೆ ಮಡಿಚಿದರು, ಬಿಡಿಸಿದರು, ಮತ್ತೆ ಯೋಚಿಸಿ 'ಪಾಸ್' ಎಂದರು. ಬಲಗಡೆಯವರೂ ಪಾಸ್. ಸರದಿ ನನ್ನದು.

ಬಿಟ್ಟುಬಿಡಲೂಬಹುದಾದ, ಮುಂದುವರಿಯಲೂಬಹುದಾದ ಕೈ ಅದು. ಮಾವನವರಲ್ಲಿ ಏನೂ ಇಲ್ಲದಿದ್ದರೆ ನಾಲ್ಕು ಇಸ್ಪೀಟು ಎಂದವನು ಮುಳುಗಿದಂತೆಯೇ. ಆದರೆ ಏನೂ ಇಲ್ಲದವರು ಅಷ್ಟು ಹೊತ್ತು ಯೋಚಿಸುತ್ತಾರೆಯೆ? ನಾನು 'ನಾಲ್ಕು ಇಸ್ಪೀಟು' ಎಂದೆ. ಸರಿಯಾಗಿ ಹತ್ತು ಕೈ ಬಂದವು. ನಾನು ಹಿಗ್ಗಿ ಮಾವನವರ ಮುಖ ನೋಡಿದೆ. ಅವರು ಎಲೆಗಳನ್ನು ಕೂಡಿಸುತ್ತ ಮೆಲ್ಲಗೆ ಕೇಳಿದರು:

"ತಮ್ಮಾ, ಆ ಕೂಗು ನಿನ್ನ ಎಲಿ ಹೇಳಿದ್ದೋ, ನಾ ತಡಾ ಮಾಡಿದ್ದು ಹೇಳಿದ್ದೋ?"

ನಾನು ಸುಮ್ಮನಾದೆ. ಅವರು ಎದುರಾಳಿಗಳ ಕಡೆ ತಿರುಗಿ, "ನಾಲ್ಕು ಬದಾಮ ನಿಮ್ಮದು ಆಗಿತ್ತು ಅಂತ ಬರಕೋರಿ" ಎಂದರು. ಆ ಇಬ್ಬರೂ ಬೇಡವೆಂದರು. ಅವರಲ್ಲೊಬ್ಬರು, ಯೋಚಿಸುವುದೂ ತಪ್ಪೇ ಎಂದು ವಾದಿಸಿದರು. ಯೋಚಿಸುವುದು ತಪ್ಪಲ್ಲ, ಜೊತೆಗಾರನ ವಿಳಂಬ ಯಾವ ದಾರಿಯನ್ನು ತೋರಿತೋ ಆ ದಾರಿಯನ್ನು, ಬೇರೊಂದು ಯುಕ್ತವಾದ ದಾರಿಯಿರುವಾಗ, ಹಿಡಿಯಬಾರದೆಂಬುದೇ ಆಟದ ಕಾನೂನು. ತಪ್ಪು ಮಾವನವರದಲ್ಲ, ನನ್ನದು. ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ನನ್ನ ಎಲೆಗಳೇ ಹಾಗೆ ಕೂಗಿಸಿದವೆಂದು ಎಷ್ಟೋ ರಾತ್ರಿ ಮನಸ್ಸಿನಲ್ಲಿಯೇ ಆ ಕೈಯನ್ನು ಮತ್ತೆ ಮತ್ತೆ ಆಡಿ ನೋಡಿದ್ದೇನೆ. ಪ್ರತಿ ಸಲವೂ ಮಾವನವರು ಎಲೆ ಮಡಿಚಿ ಬಿಡಿಸುವುದೇ ಮೊದಲು ಕಣ್ಣಿಗೆ ಬರುತ್ತಿತ್ತು.

ಅಂದಿನಿಂದ ಮಾವನವರು ಒಂದು ರೂಢಿ ಇಟ್ಟುಕೊಂಡರು. ತಮ್ಮ ಸರದಿ ಬಂದಾಗಲೆಲ್ಲ ಎಲೆಗಳನ್ನು ಕಂಬಳಿಯ ಮೇಲೆ ಬೋರಲು ಇಟ್ಟು, ಒಂದು ಅಡಿಕೆಹೋಳು ಬಾಯಿಗೆ ಹಾಕಿಕೊಂಡು, ಅದು ನುರಿಯುವವರೆಗೆ ಸುಮ್ಮನೆ ಕೂತು ಆಮೇಲೆ ಕೂಗುವರು. ನಾಲ್ಕು ಎಕ್ಕಾ ಬಂದರೂ ಅಷ್ಟೇ ಹೊತ್ತು. ಹತ್ತರ ಮೇಲಿನ ಒಂದು ಎಲೆಯೂ ಇಲ್ಲದ ಕೈ ಬಂದರೂ ಅಷ್ಟೇ. ಆಟ ನಿಧಾನವಾಯಿತೆಂದು ಎಲ್ಲರೂ ಗೊಣಗುತ್ತಿದ್ದರು. ಮನೆಯಲ್ಲಿ ಅಡಿಕೆಯ ಖರ್ಚೂ ಹೆಚ್ಚಾಯಿತು.