ನಮ್ಮ ಬ್ಯಾಂಕು, ಯಾರದೋ ಯಂತ್ರ: ದುಡ್ಡು ಬರುವ ದಾರಿ ತಿಳಿಯೋಣ

(ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ನನ್ನ ವಿಷಯ ನಿಮ್ಮ ಜೇಬಿನಲ್ಲೇ ಇದೆ. ಎಟಿಎಂ ಕಾರ್ಡು! ನಿಮ್ಮಲ್ಲಿ ಕಾರ್ಖಾನೆಗೆ ಹೋಗುವವರಿದ್ದೀರಿ, ಗಾರ್ಮೆಂಟ್ಸಿನಲ್ಲಿ ದುಡಿಯುವವರಿದ್ದೀರಿ, ಕಂಪ್ಯೂಟರ್ ಮುಂದೆ ಕೂರುವವರೂ ಇದ್ದೀರಿ. ಸಂಬಳ ಬ್ಯಾಂಕಿಗೆ ಬೀಳುತ್ತದೆ. ಯಂತ್ರದ ಮುಂದೆ ನಿಂತು ಪಿನ್ ಒತ್ತುತ್ತೀರಿ. ನೋಟು ಬಂದರೆ ಸಂತೋಷ. ನೋಟು ಬಾರದೆ ಖಾತೆಯಲ್ಲಿ ಮಾತ್ರ ಹಣ ಕಳೆದುಹೋದರೆ? ಕಾವಲುಗಾರನನ್ನು ಬೈಯುತ್ತೇವೆ, ಯಂತ್ರಕ್ಕೆ ಗುದ್ದುತ್ತೇವೆ, ಹಣೆಬರಹ ಎಂದುಕೊಂಡು ಮನೆಗೆ ನಡೆಯುತ್ತೇವೆ. ಇದರಲ್ಲಿ ಹಣೆಬರಹದ ಮಾತೇನು ಬಂತು ಸ್ವಾಮಿ? ಆ ದುಡ್ಡು ಎಲ್ಲಿ ನಿಂತಿದೆ ಎಂದು ತಿಳಿದವನಿಗೆ ಅದನ್ನು ಕೇಳಿ ಪಡೆಯುವ ಧೈರ್ಯ ಬರುತ್ತದೆ.

ಮೊದಲು ಸ್ವಲ್ಪ ಚರಿತ್ರೆ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ಹಣ ಕೊಡುವ ಯಂತ್ರ ಇಟ್ಟಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಭಾರತಕ್ಕೆ ಎಟಿಎಂ ಬಂದಿದ್ದು 1987ರಲ್ಲಿ, ಮುಂಬಯಿಯ ಎಚ್‌ಎಸ್‌ಬಿಸಿ ಶಾಖೆಗೆ.

ಆಗ ಪರಿಸ್ಥಿತಿ ಹೇಗಿತ್ತು? ಯಾವ ಬ್ಯಾಂಕಿನ ಕಾರ್ಡೋ ಅದೇ ಬ್ಯಾಂಕಿನ ಯಂತ್ರ. ಪಕ್ಕದಲ್ಲೇ ಬೇರೆ ಬ್ಯಾಂಕಿನ ಯಂತ್ರ ಖಾಲಿ ನಿಂತಿದ್ದರೂ ಉಪಯೋಗವಿಲ್ಲ. ಒಂದೇ ಬೀದಿಯಲ್ಲಿ ನಾಲ್ಕು ಬಾವಿ, ನಾಲ್ಕಕ್ಕೂ ಬೇರೆ ಬೇರೆ ಬೀಗ! ಈ ಬೀಗ ತೆಗೆಯುವ ಮೊದಲ ಪ್ರಯತ್ನ 'ಸ್ವಧನ್'. ಭಾರತೀಯ ಬ್ಯಾಂಕುಗಳ ಸಂಘವು 1997ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಆ ಜಾಲ 2003ರ ಕೊನೆಗೆ ಮುಚ್ಚಿಹೋಯಿತು. ಆದರೆ ಆಲೋಚನೆ ಸಾಯಲಿಲ್ಲ. 2004ರ ಆಗಸ್ಟ್ 27ರಂದು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ 'ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್' ಎಂಬ ಜಾಲವನ್ನು ಶುರುಮಾಡಿತು. ಮೊದಲ ದಿನ ಸೇರಿದ್ದು ಮೂರೇ ಬ್ಯಾಂಕು: ಬ್ಯಾಂಕ್ ಆಫ್ ಬರೋಡಾ, ಐಸಿಐಸಿಐ ಮತ್ತು ಕಾರ್ಪೊರೇಷನ್ ಬ್ಯಾಂಕ್. ಈ ಮೂರನೆಯದು 1906ರಲ್ಲಿ ನಮ್ಮ ಉಡುಪಿಯಲ್ಲಿ ಹುಟ್ಟಿ ಮಂಗಳೂರಿನಿಂದ ನಡೆಯುತ್ತಿದ್ದ ಬ್ಯಾಂಕು. 2020ರಲ್ಲಿ ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ದೇಶದ ಈ ಹೆದ್ದಾರಿಗೆ ಮೊದಲ ಕಲ್ಲು ಹೊತ್ತವರಲ್ಲಿ ಕರಾವಳಿಯವರೂ ಇದ್ದರು, ಮರೆಯಬೇಡಿ. 2009ರ ಡಿಸೆಂಬರಿನಲ್ಲಿ ಈ ಜಾಲ ಎನ್‌ಪಿಸಿಐ ಕೈಗೆ ಬಂದಾಗ 37 ಬ್ಯಾಂಕುಗಳು, ಸುಮಾರು 50,000 ಯಂತ್ರಗಳಿದ್ದವು. ಇಂದು ಯಂತ್ರಗಳ ಲೆಕ್ಕ ಎರಡು ಲಕ್ಷ ದಾಟಿದೆ.

'ಸ್ವಿಚ್' ಎಂದರೆ ದೀಪದ ಗುಂಡಿ ಅಂದುಕೊಳ್ಳಬೇಡಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಎಂದುಕೊಳ್ಳಿ. ಬೆಂಗಳೂರಿನ ಪ್ರತಿ ಬಡಾವಣೆಯಿಂದ ಉಳಿದ ಎಲ್ಲ ಬಡಾವಣೆಗೂ ನೇರ ಬಸ್ಸು ಬಿಟ್ಟರೆ ರಸ್ತೆ ಸಾಕಾದೀತೇ? ಎಲ್ಲವೂ ಮೆಜೆಸ್ಟಿಕ್ಕಿಗೆ ಬರಲಿ, ಅಲ್ಲಿಂದ ಬದಲಾಯಿಸಿಕೊಂಡು ಹೋಗಲಿ. 37 ಬ್ಯಾಂಕುಗಳು ಒಂದಕ್ಕೊಂದು ನೇರ ತಂತಿ ಎಳೆದರೆ 666 ಸಂಪರ್ಕ ಬೇಕು. ನಡುವೆ ಒಂದು ಸ್ವಿಚ್ ಇದ್ದರೆ 37 ಸಾಕು. ಹೊಸ ಬ್ಯಾಂಕು ಬಂದರೆ ಇನ್ನೊಂದೇ ತಂತಿ. ಇಷ್ಟೇ ಗುಟ್ಟು.

ಈಗ ನೀವು ಬೇರೆ ಬ್ಯಾಂಕಿನ ಯಂತ್ರಕ್ಕೆ ಕಾರ್ಡು ಹಾಕಿದಿರಿ. ಯಂತ್ರಕ್ಕೆ ನಿಮ್ಮ ಹೆಸರೂ ಮುಖ್ಯವಲ್ಲ, ಊರೂ ಮುಖ್ಯವಲ್ಲ. ಕಾರ್ಡಿನ ಸಂಖ್ಯೆಯ ಮೊದಲ ಕೆಲವು ಅಂಕಿಗಳೇ ನಿಮ್ಮ ಬ್ಯಾಂಕಿನ ವಿಳಾಸ. ನೀವು ಒತ್ತಿದ ಪಿನ್ ಆ ಕೀಲಿಮಣೆಯೊಳಗೇ ಗುಪ್ತ ಲಿಪಿಯಾಗಿ ಬದಲಾಗುತ್ತದೆ. ಅದು ಸರಿಯೋ ತಪ್ಪೋ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕಾರ್ಡಿನ ವಿವರ, ಮೊತ್ತ, ಗುಪ್ತವಾದ ಪಿನ್ ಮೊದಲು ಯಂತ್ರದ ಬ್ಯಾಂಕಿಗೆ, ಅಲ್ಲಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ನಿಮ್ಮ ಬ್ಯಾಂಕಿಗೆ ಹೋಗುತ್ತವೆ. ನಿಮ್ಮ ಬ್ಯಾಂಕಿನ ಕಂಪ್ಯೂಟರು ಪಿನ್ ನೋಡಿ, ಬಾಕಿ ನೋಡಿ, ಹಣ ಕಳೆದು, 'ಕೊಡಬಹುದು' ಎಂದು ಅದೇ ದಾರಿಯಲ್ಲಿ ಉತ್ತರ ಕಳಿಸುತ್ತದೆ. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ.

ಆಮೇಲೆ ಯಂತ್ರದ ಹೊಟ್ಟೆಯ ಕೆಲಸ. ಒಳಗೆ ಒಂದೊಂದು ಬಗೆಯ ನೋಟಿಗೂ ಬೇರೆ ಪೆಟ್ಟಿಗೆ. ನೋಟು ಒಂದೊಂದಾಗಿ ಮೇಲೆ ಬರುವಾಗ ಅದರ ದಪ್ಪವನ್ನು ಅಳೆಯುತ್ತಾರೆ. ಎರಡು ಅಂಟಿಕೊಂಡಿದ್ದರೆ ಅವು ತಿರಸ್ಕಾರದ ಪೆಟ್ಟಿಗೆಗೆ ಬೀಳುತ್ತವೆ. ಎಣಿಕೆ ಸರಿಯಿದ್ದರೆ ಮಾತ್ರ ಬಾಯಿ ತೆರೆಯುತ್ತದೆ.

ಗಮನವಿಟ್ಟು ಕೇಳಿ, ತೊಂದರೆ ಹುಟ್ಟುವುದು ಇಲ್ಲಿಯೇ. ನಿಮ್ಮ ಖಾತೆಯಿಂದ ಹಣ ಕಳೆದದ್ದು ಮೊದಲು. ನೋಟು ಹೊರಬರುವುದು ನಂತರ. ಈ ನಡುವೆ ಸಂಪರ್ಕ ಕಡಿದರೆ, ನೋಟು ಸಿಕ್ಕಿಕೊಂಡರೆ, ಕಳೆದದ್ದು ಕಳೆದೇ ಇರುತ್ತದೆ. 'ಕೊಡಲಿಲ್ಲ, ವಾಪಸು ಜಮಾ ಮಾಡಿ' ಎಂಬ ಸಂದೇಶ ಯಂತ್ರದಿಂದ ಹೋಗಬೇಕು. ಅದೂ ತಪ್ಪಿದರೆ ಪೆಟ್ಟಿಗೆಯ ನೋಟನ್ನೂ ಯಂತ್ರದ ದಾಖಲೆಯನ್ನೂ ತಾಳೆ ನೋಡಿದಾಗ ಸತ್ಯ ಹೊರಬೀಳುತ್ತದೆ. ಅಂದರೆ ನಿಮ್ಮ ಹಣ ಎಲ್ಲೂ ಆವಿಯಾಗಿಲ್ಲ. ಲೆಕ್ಕದಲ್ಲಿ ಹೆಚ್ಚುವರಿಯಾಗಿ ಕುಳಿತಿದೆ!

ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಆದೇಶ ಏನು ಹೇಳುತ್ತದೆ? ನೋಟು ಬಾರದೆ ಖಾತೆ ಖಾಲಿಯಾದರೆ, ವ್ಯವಹಾರ ನಡೆದ ದಿನದಿಂದ 5 ದಿನದೊಳಗೆ ಬ್ಯಾಂಕು ತಾನಾಗಿಯೇ ಹಣ ವಾಪಸು ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನೀವು ಕೇಳದೆಯೇ. ಇದು ಯಾರ ಭಿಕ್ಷೆಯೂ ಅಲ್ಲ, ನಿಮ್ಮ ಹಕ್ಕು. ಹಾಗಾಗಿ ಸ್ಲಿಪ್ಪು ಎಸೆಯಬೇಡಿ. ಸ್ಲಿಪ್ಪು ಬಾರದಿದ್ದರೆ ಸ್ಥಳ, ದಿನ, ಹೊತ್ತು ಬರೆದಿಡಿ. ದೂರು ಕೊಡಬೇಕಾದದ್ದು ಯಂತ್ರದ ಬ್ಯಾಂಕಿಗಲ್ಲ, ನಿಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ. 'ಆ ಬ್ಯಾಂಕಿಗೆ ಹೋಗಿ ಕೇಳಿ' ಎಂದು ಸಾಗಹಾಕಿದರೆ ಅಲ್ಲಾಡಬೇಡಿ. ದೂರಿನ ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಿ.

ಇನ್ನು ಶುಲ್ಕ. ನೀವು ಬೇರೆಯವರ ಯಂತ್ರದಲ್ಲಿ ಹಣ ತೆಗೆದರೆ ನಿಮ್ಮ ಬ್ಯಾಂಕು ಆ ಬ್ಯಾಂಕಿಗೆ ಬಾಡಿಗೆ ಕೊಡಬೇಕು. 2025ರ ಮೇ 1ರಿಂದ ಅದು 19 ರೂಪಾಯಿ. ಬೇರೆ ಬ್ಯಾಂಕಿನ ಯಂತ್ರದಲ್ಲಿ ಬೆಂಗಳೂರಿನಂಥ ಮಹಾನಗರದಲ್ಲಿ ತಿಂಗಳಿಗೆ 3, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ 5 ವ್ಯವಹಾರ ಉಚಿತ. ಬಾಕಿ ನೋಡುವುದೂ ಲೆಕ್ಕಕ್ಕೆ ಸೇರುತ್ತದೆ. ಮೀರಿದರೆ ಪ್ರತಿ ಸಲ 23 ರೂಪಾಯಿಯವರೆಗೆ, ಮೇಲೆ ತೆರಿಗೆ. ಆದರೆ ಯಂತ್ರದಲ್ಲಿ ನೋಟಿಲ್ಲದೆ, ಯಂತ್ರ ಕೆಟ್ಟು ವಿಫಲವಾದದ್ದನ್ನು ಎಣಿಸುವಂತಿಲ್ಲ ಎಂದು 2019ರ ಆಗಸ್ಟಿನಲ್ಲೇ ಆದೇಶವಾಗಿದೆ. ಪಾಸ್‌ಬುಕ್ಕಿನಲ್ಲಿ ಒಮ್ಮೆ ತಾಳೆ ನೋಡಿ.

ಕೊನೆಯದಾಗಿ ಒಂದು ಮಾತು. ಕಾರ್ಡು ಹಾಕಿದ ಕೂಡಲೇ ಪರದೆ ಭಾಷೆ ಕೇಳಿದರೆ 'ಕನ್ನಡ' ಒತ್ತಿ. ಇಂಗ್ಲಿಷ್ ಬರುವವರೂ ಒತ್ತಿ. ಹಿಂದೆ ಸಾಲಿನಲ್ಲಿ ನಿಂತ ಅಜ್ಜಿಗೆ, ಹಳ್ಳಿಯಿಂದ ಬಂದ ಅಪ್ಪನಿಗೆ ಆ ಗುಂಡಿ ಬೇಕು. ಭಾಷೆ ತಿಳಿಯದೆ ಕಾರ್ಡನ್ನೂ ಪಿನ್ನನ್ನೂ ಅಪರಿಚಿತನ ಕೈಗೆ ಕೊಟ್ಟು ದುಡಿಮೆ ಕಳೆದುಕೊಳ್ಳುವವರು ಇಂಥವರೇ. ಕನ್ನಡವೇ ಇಲ್ಲದ ಯಂತ್ರ ಕಂಡರೆ ಆ ಬ್ಯಾಂಕಿಗೆ ಕನ್ನಡದಲ್ಲೇ ಒಂದು ಪತ್ರ ಬರೆಯಿರಿ. ಬ್ಯಾಂಕಿನ ಕೌಂಟರಿನ ಫಲಕ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿರುವಾಗ, ಕೌಂಟರಿನ ಕೆಲಸ ಮಾಡುವ ಯಂತ್ರಕ್ಕೆ ಬೇರೆ ನ್ಯಾಯವೇ?

ಇವತ್ತು ಮನೆಗೆ ಹೋದ ಮೇಲೆ ಈ 5 ದಿನ, 100 ರೂಪಾಯಿಯ ಲೆಕ್ಕವನ್ನು ಕನಿಷ್ಠ ನಾಲ್ಕು ಜನರಿಗೆ ಹೇಳಿ. ನಿಮ್ಮ ಬೆವರಿನ ದುಡ್ಡಿಗೆ ನೀವೇ ಕಾವಲು.

ಸಿರಿಗನ್ನಡಂ ಗೆಲ್ಗೆ!