ಹಲ್ಲು ಕಟ್ಟುವ ಅಂಗಾಂಶ ದಾರಿ ತಪ್ಪಿದಾಗ



ಹಲ್ಲು ಕಟ್ಟುವ ಅಂಗಾಂಶದಿಂದ ದವಡೆಯಲ್ಲಿ ಏಳುವ ಗಡ್ಡೆಗಳಲ್ಲಿ ನಾವು ವಿಲಕ್ಷಣ ಎನ್ನುವ ಎಷ್ಟೋ ಲಕ್ಷಣಗಳು ಹಲ್ಲು ಹುಟ್ಟುವ ಕ್ರಮದವೇ. ಹೊತ್ತಲ್ಲದ ಹೊತ್ತಿನಲ್ಲಿ, ಅರ್ಧಕ್ಕೇ ನಿಂತು ಕಾಣಿಸಿಕೊಂಡಿರುತ್ತವೆ, ಅಷ್ಟೆ. ಈ ವಿಚಾರ ಸಂಕಿರಣ ಆ ನೆಲೆಯಿಂದ ಆರಂಭವಾಗಲಿ ಎಂಬುದು ನನ್ನ ಆಶಯ.

ಅಮೆಲೋಬ್ಲಾಸ್ಟೋಮಾದ ಒಂದು ಸ್ಲೈಡನ್ನೇ ನೋಡಿ. ಅಂಚಿನಲ್ಲಿ ಉದ್ದನೆಯ ಜೀವಕೋಶಗಳು ಸಾಲುಗಟ್ಟಿವೆ. ಅವುಗಳ ನ್ಯೂಕ್ಲಿಯಸ್ ತಳಪೊರೆಯನ್ನು ಬಿಟ್ಟು ಎದುರು ತುದಿಗೆ ಸರಿದಿದೆ. ಎನಾಮೆಲ್ ಸ್ರವಿಸಲು ಸಜ್ಜಾಗುವ ಕೋಶವೂ ಹೀಗೆಯೇ ದಿಕ್ಕು ಬದಲಿಸುತ್ತದೆ. ಇಲ್ಲಿ ಸಿದ್ಧತೆಯೆಲ್ಲ ಆಗಿದೆ, ಎನಾಮೆಲ್ ಮಾತ್ರ ಬಂದಿಲ್ಲ. ವಿಕರ್ಸ್ ಮತ್ತು ಗಾರ್ಲಿನ್ 1970ರಲ್ಲಿ ಈ ಗಡ್ಡೆಯನ್ನು ಬೇಗ ಗುರುತಿಸಲು ಒತ್ತಿ ಹೇಳಿದ್ದು ಇಂಥ ಚಿಹ್ನೆಗಳನ್ನೇ. 2014ರಲ್ಲಿ ಜೀನ್‌ಗಳ ಸುಳಿವೂ ಸಿಕ್ಕಿತು: ಕೆಳದವಡೆಯ ಗಡ್ಡೆಗಳಲ್ಲಿ ಬಿಆರ್‌ಎಎಫ್ ವಿ600ಇ ರೂಪಾಂತರ ಹೆಚ್ಚು, ಮೇಲ್ದವಡೆಯವುಗಳಲ್ಲಿ ಎಸ್‌ಎಂಒ ಜೀನಿನ ರೂಪಾಂತರ ಹೆಚ್ಚು.

ಡೆನ್ಮಾರ್ಕ್‌ನ ಪಿಂಡ್‌ಬೋರ್ಗ್ 1955ರಲ್ಲಿ ವಿವರಿಸಿದ ಗಡ್ಡೆಯದು ಇನ್ನೂ ಸೊಗಸಾದ ಉದಾಹರಣೆ. ಕಾಂಗೋ ರೆಡ್ ಹಾಕಿ ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಕೋಶಗಳ ನಡುವಿನ ಅಮಿಲಾಯ್ಡ್ ಹಸಿರಾಗಿ ಹೊಳೆಯುತ್ತದೆ. ಬಹುಕಾಲ ಒಗಟಾಗಿದ್ದ ಆ ಅಮಿಲಾಯ್ಡ್, ಎನಾಮೆಲ್ ಕಟ್ಟುವ ಕೋಶಗಳೇ ತಯಾರಿಸುವ ಒಡಿಎಎಂ ಎಂಬ ಪ್ರೋಟೀನಿನಿಂದ ಆದದ್ದೆಂದು ಆಮೇಲೆ ತಿಳಿಯಿತು. ಇದೇ ಪಿಂಡ್‌ಬೋರ್ಗ್ 1960ರ ದಶಕದಲ್ಲಿ ನಮ್ಮ ಬೆಂಗಳೂರಿನ 10,000 ಜನರ ಬಾಯಿ ಪರೀಕ್ಷಿಸಿದ ಅಧ್ಯಯನದ ಮುಂಚೂಣಿಯಲ್ಲಿದ್ದರು ಎಂಬುದನ್ನು ಕಿರಿಯರು ತಿಳಿದಿರಲಿ.

ಒಡೊಂಟೋಮಾ ಎಂಬ ಗಡ್ಡೆಯಲ್ಲಿ ಹಲ್ಲು ಕಟ್ಟುವ ಕೆಲಸ ಕೊನೆಯವರೆಗೂ ನಡೆದುಬಿಡುತ್ತದೆ. 2019ರಲ್ಲಿ ಚೆನ್ನೈನಲ್ಲಿ ಏಳು ವರ್ಷದ ಹುಡುಗನ ದವಡೆಯಿಂದ 526 ಪುಟ್ಟ ಹಲ್ಲುಗಳನ್ನು ತೆಗೆದರು.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ದೂರಕ್ಕೆ ಹರಡುವ ಅಮೆಲೋಬ್ಲಾಸ್ಟೋಮಾ. ಶ್ವಾಸಕೋಶ ತಲುಪಿದ ಮೇಲೂ ಸ್ಲೈಡಿನಲ್ಲಿ ಅದು ಸೌಮ್ಯವಾಗಿಯೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅದನ್ನು ಮಾರಕ ಗಡ್ಡೆಗಳ ಸಾಲಿನಲ್ಲಿಟ್ಟು, 2017ರಲ್ಲಿ ಸೌಮ್ಯ ಗಡ್ಡೆಗಳ ಸಾಲಿಗೆ ತಂದಿತು. ಸೂಕ್ಷ್ಮದರ್ಶಕವೊಂದನ್ನೇ ನೆಚ್ಚಿ ಕೂರುವಂತಿಲ್ಲ.

ಆದ್ದರಿಂದ ಒಂದು ಕೋರಿಕೆ. ಹದಿಹರೆಯದವರ ಬುದ್ಧಿಹಲ್ಲಿನ ಸುತ್ತ ಎಕ್ಸ್-ರೇಯಲ್ಲಿ ನೀರುಗುಳ್ಳೆಯಂತೆ ಕಂಡದ್ದು ಏಕಕೋಷ್ಠದ ಅಮೆಲೋಬ್ಲಾಸ್ಟೋಮಾ ಆಗಿರಬಹುದು. ಅದು ಒಳಪದರದಲ್ಲಷ್ಟೇ ಇದ್ದರೆ ಬಿಡಿಸಿ ತೆಗೆದು ಕಣ್ಣಿಟ್ಟಿರಬಹುದು. ಗೋಡೆಯೊಳಗೆ ನುಗ್ಗಿದ್ದರೆ ದವಡೆಯ ಭಾಗವನ್ನೇ ತೆಗೆಯುವ ಮಾತು ಬರುತ್ತದೆ. ಚಿಕ್ಕದೊಂದು ಬಯಾಪ್ಸಿ ತುಣುಕು ಇದನ್ನು ಹೇಳಲಾರದು. ಶಸ್ತ್ರಚಿಕಿತ್ಸಕರು ಎಕ್ಸ್-ರೇ ಜೊತೆಗಿಟ್ಟು ಇಡೀ ಗೋಡೆಯನ್ನು ಕಳಿಸಿಕೊಡಲಿ. ನಾವು ಅದರ ಹಲವು ಕಡೆಗಳಿಂದ ತುಣುಕು ತೆಗೆದು ನೋಡೋಣ. ಎಷ್ಟು ತುಣುಕು ಸಾಕು ಎಂಬುದನ್ನು ಮಧ್ಯಾಹ್ನದ ಗೋಷ್ಠಿ ಚರ್ಚಿಸಲಿ.